ಗಾಳೆಪ್ಪನ ಮಗಳು ಎರ್ರೆಮ್ಮ

ತಾಯಕ್ಕ ಮೊದಲ ಸಲ ನನ್ನ ಮುಂದೆ ಬಂದು ಕುಳಿತದ್ದು 2005ರ ಬೇಸಿಗೆಯಲ್ಲಿ. ಸಂಡೂರಿನ ತಾಲ್ಲೂಕು ಕಚೇರಿಯ ಗೋಡೆಗೆ ಒತ್ತಿ ಮೇಜು ಹಾಕಿಕೊಂಡು ಅರ್ಜಿ ಬರೆದುಕೊಡುವುದು ನನ್ನ ಕಸುಬು. ಅದಿರಿನ ಲಾರಿಗಳು ಹಗಲೂ ರಾತ್ರಿ ಓಡುತ್ತಿದ್ದ ಕಾಲ. ಮರದ ಎಲೆ, ಎಮ್ಮೆಯ ಬೆನ್ನು, ನನ್ನ ಕಾಗದ ಎಲ್ಲವೂ ಧೂಳು ಕೂತು ಕೆಂಪಾಗಿದ್ದವು. ಆಕೆಯ ಸೀರೆಯೂ ಕೆಂಪು, ಅಂಗೈಯ ಗೆರೆಗಳೂ ಕೆಂಪು. ವಡ್ಡು ಎಂಬ ಊರಿನ ಕಡೆಯ ಹಳ್ಳಿಯವಳು. ಗಂಡ ಸತ್ತು ಎಂಟು ವರ್ಷವಾಗಿತ್ತು. ಹೊಲದ ಕೆಲಸವಿಲ್ಲದ ತಿಂಗಳುಗಳಲ್ಲಿ ಸುತ್ತಿಗೆ ಹಿಡಿದು ಅದಿರು ಒಡೆಯುವ ಕೂಲಿಗೆ ಹೋಗುತ್ತಿದ್ದಳು. ಚಂದ್ರಕಲಾ ಅಂತ ಒಬ್ಬಳೇ ಮಗಳು, ಹೊಸಪೇಟೆಯ ಹಾಸ್ಟೆಲಿನಲ್ಲಿದ್ದು ಪಿಯುಸಿ ಓದುತ್ತಿದ್ದಳು.

"ಅಯ್ನೋರ, ನಮ್ಮ ಹೊಲ ನಮ್ಮದಲ್ಲ ಅನ್ನಾಕತ್ಯಾರ್ರಿ," ಎಂದು ಪ್ಲಾಸ್ಟಿಕ್ ಕವರಿನಿಂದ ಪಹಣಿ ತೆಗೆದು ಮುಂದಿಟ್ಟಳು.

ಗುಡ್ಡದ ಬುಡದ ಮೂರು ಎಕರೆ. ಖಾತೆದಾರನ ಹೆಸರು ಗಾಳೆಪ್ಪ.

"ಯಾರವ್ವ ಈ ಗಾಳೆಪ್ಪ?"

"ನಮ್ಮಜ್ಜನ ತಾಯಿ ಎರ್ರೆಮ್ಮ. ಆಕಿ ಅಪ್ಪ ರೀ."

"ಆತ ತೀರಿಕೊಂಡು ಎಷ್ಟು ವರ್ಷಾತು?"

"ನಮ್ಮಪ್ಪ ಸೈತ ಆತನ್ನ ಕಂಡಿಲ್ರಿ."

ಲೆಕ್ಕ ಹಾಕಿದರೆ ತೊಂಬತ್ತು ವರ್ಷ. ಅಷ್ಟು ಕಾಲ ಆ ಮನೆಯವರು ಉತ್ತು ಬಿತ್ತು ಉಂಡರೇ ಹೊರತು ಖಾತೆ ಬದಲಿಸಲು ಯಾರೂ ಕಚೇರಿಗೆ ಬಂದಿರಲಿಲ್ಲ. ಸಜ್ಜೆ ಬೆಳೆಯುವ ಕಲ್ಲು ಹೊಲದ ಮೇಲೆ ಯಾರ ಕಣ್ಣೂ ಇರಲಿಲ್ಲ. ಮೊಳದಷ್ಟು ಮಣ್ಣು ಸರಿಸಿದರೆ ಅದಿರು ಸಿಗುತ್ತದೆ ಎಂದು ಗೊತ್ತಾದ ಮೇಲೆ ಎಲ್ಲ ಬದಲಾಯಿತು. ಗಾಳೆಪ್ಪನ ತಮ್ಮನ ವಂಶದವನು ಯಲ್ಲೇಶ್, ತಾಯಕ್ಕನನ್ನು ಅಕ್ಕ ಎನ್ನುತ್ತಲೇ ಬೆಳೆದವನು. ಅವನು ಗಣಿಯವರ ಒಬ್ಬ ಏಜೆಂಟನ ಜೊತೆ ಸೇರಿ ವಂಶವೃಕ್ಷ ಬರೆಸಿದ್ದ. ಅದರಲ್ಲಿ ಗಾಳೆಪ್ಪನ ಹೆಸರಿನ ಕೆಳಗೆ ಒಂದೇ ಮಾತಿತ್ತು, 'ಸಂತಾನವಿಲ್ಲ'.

"ಮಕ್ಕಳೇ ಇಲ್ಲಂದ್ರ ನಾ ಎಲ್ಲಿಂದ ಉದುರಿದ್ನ್ರಿ?" ಎಂದಳು ತಾಯಕ್ಕ. ನನಗೆ ನಗು ಬಂತು. ಅವಳಿಗೆ ಬರಲಿಲ್ಲ.

ತಕರಾರು ಅರ್ಜಿ ಹಾಕಿದೆವು. ಗಾಳೆಪ್ಪನಿಗೆ ಎರ್ರೆಮ್ಮ ಎಂಬ ಮಗಳಿದ್ದಳು ಎಂದು ತೋರಿಸಬೇಕು, ಅಷ್ಟೇ. ಆ ಅಷ್ಟರ ಬೆನ್ನು ಹತ್ತಿ ಒಂದೂವರೆ ವರ್ಷ ಅಲೆದೆವು. ಊರಿನ ಜನನ ಮರಣದ ಪುಸ್ತಕ 1931ರಿಂದ ಈಚೆಗಿನದು, ಹಿಂದಿನದನ್ನು ಗೆದ್ದಲು ತಿಂದಿತ್ತು. ಸಂಡೂರು ಸಂಸ್ಥಾನದ ಕಾಲದ ಲೆಕ್ಕಪತ್ರ ಮರಾಠಿಯ ಹಳೆಯ ಮೋಡಿ ಅಕ್ಷರದಲ್ಲಿತ್ತು. ಓದಬಲ್ಲ ಮುದುಕರೊಬ್ಬರನ್ನು ಹುಡುಕಿ ಕೂರಿಸಿದೆ. ಅವರು ಭೂತಗನ್ನಡಿ ಹಿಡಿದು ಮೂರು ದಿನ ನೋಡಿದರು. ಗಾಳೆಪ್ಪನ ಹೆಸರಿತ್ತು, ಹೊಲದ ನಾಲ್ಕು ದಿಕ್ಕಿನ ಗುರುತಿತ್ತು, ಎತ್ತು ಎರಡು ಎಂದಿತ್ತು. ಮಗಳ ಸುದ್ದಿಯಿರಲಿಲ್ಲ.

ಉಳಿದದ್ದು ಮನೆಯ ಮಾತು. ತಾಯಕ್ಕನ ಅಜ್ಜಿ ಕರೆಮ್ಮ ಆ ಎರ್ರೆಮ್ಮನ ಸೊಸೆ. ಅಜ್ಜಿ ಹೇಳಿದ್ದನ್ನೆಲ್ಲ ತಾಯಕ್ಕ ನನಗೆ ಒಪ್ಪಿಸಿದಳು. ಎರ್ರೆಮ್ಮ ಉಣ್ಣುವಾಗ ಒಂದು ಮಾತೂ ಆಡುತ್ತಿರಲಿಲ್ಲವಂತೆ. ಒಂದು ಚೂರು ರೊಟ್ಟಿ ಸೆರಗಿನ ತುದಿಗೆ ಕಟ್ಟಿಕೊಂಡೇ ಮಲಗುತ್ತಿದ್ದಳಂತೆ. ಮನೆಮಂದಿಯೆಲ್ಲ ಬಂಡಿ ಕಟ್ಟಿ ಹೊಸಪೇಟೆಗೆ ಹೊರಟರೆ ತಾನೊಬ್ಬಳು ಹಿಂದೆ ಉಳಿಯುತ್ತಿದ್ದಳಂತೆ, ಸಾಯುವವರೆಗೂ ಆ ಊರಿಗೆ ಕಾಲಿಡಲಿಲ್ಲವಂತೆ.

"ಯಾಕಂತ?"

"ಕೇಳಿದ್ರ ಎದ್ದು ಹೋಗ್ತಿದ್ಲಂತ್ರಿ."

ಇಂಥದ್ದನ್ನು ಅರ್ಜಿಯಲ್ಲಿ ಏನೆಂದು ಬರೆಯುವುದು? ಕೊನೆಗೆ ನನಗೆ ಹೊಳೆದದ್ದು ಹೆಳವರು. ನಮ್ಮ ಕಡೆಯ ಮನೆತನಗಳಿಗೆಲ್ಲ ಹೆಳವರಿದ್ದಾರೆ. ಕೆಲವು ವರ್ಷಕ್ಕೊಮ್ಮೆ ಬಂದು, ಮನೆಯ ಹಿರಿಯರ ಹೆಸರುಗಳನ್ನು ತಲೆಮಾರು ತಲೆಮಾರಾಗಿ ಹೇಳಿ, ಹೊಸದಾಗಿ ಹುಟ್ಟಿದವರನ್ನು ತಮ್ಮ ಪುಸ್ತಕಕ್ಕೆ ಸೇರಿಸಿ, ಕಾಳು ಪಡೆದು ಹೋಗುವವರು. ತಾಯಕ್ಕನ ಮನೆಗೆ ಹೆಳವರು ಬಂದು ಇಪ್ಪತ್ತು ವರ್ಷವಾಗಿತ್ತು. ವಿಚಾರಿಸುತ್ತ ಹೋದಾಗ ಜಡೆಪ್ಪ ಎಂಬ ಹೆಳವ ಕಂಪ್ಲಿಯ ಹೊಳೆಯ ದಾರಿಯಲ್ಲಿ ಬೀಡು ಬಿಟ್ಟಿದ್ದಾನೆಂದು ತಿಳಿಯಿತು.

ಹೋದೆವು. ಚಂದ್ರಕಲಾಳೂ ಹೊಸಪೇಟೆಯಲ್ಲಿ ಬಸ್ಸು ಹತ್ತಿ ಜೊತೆಯಾದಳು. ಜಡೆಪ್ಪ ಊರು, ಮನೆತನದ ಬೆಡಗು ಕೇಳಿ, ಬಟ್ಟೆಯಲ್ಲಿ ಸುತ್ತಿದ್ದ ಹಳೆಯ ಪುಸ್ತಕವನ್ನು ಬಿಚ್ಚಿದ. ಬೆರಳು ಇಟ್ಟು ಓದುತ್ತ ಬಂದವನು ಗಾಳೆಪ್ಪನ ಹತ್ತಿರ ನಿಂತುಬಿಟ್ಟ.

"ಯವ್ವಾ, ಇದನ್ನ ಮನಿ ಮುಂದ ಕೂಗಿ ಹೇಳಬಾರದಂತ ನಮ್ಮಪ್ಪ ಹೇಳಿದ್ದ. ಓದ್ಲೋ, ಬಿಡ್ಲೋ?"

"ಅಷ್ಟು ದೂರದಿಂದ ಬಂದೀವಿ. ಓದಪಾ," ಎಂದಳು ತಾಯಕ್ಕ.

ಅವನು ಓದಿದ. "ಧಾತು ಸಂವತ್ಸರದ ದೊಡ್ಡ ಬರದಾಗ ಗಾಳೆಪ್ಪ ಎರಡು ಕೂಸು ಕಟ್ಟಿಕೊಂಡು ಹೊಸಪೇಟಿ ಗಂಜಿಮನಿಗೆ ಹೋದ. ಎರಡನ್ನೂ ಅಲ್ಲೇ ಮಣ್ಣು ಮಾಡಿದ. ಗಂಜಿಮನಿ ಬಾಗಿಲಾಗ ಸತ್ತ ತಾಯಿ ಮಗ್ಗಲಾಗ ಕುಂತಿದ್ದ ಹೆಣ್ಣುಕೂಸು ಎತ್ತಿಕೊಂಡು ಊರಿಗೆ ಬಂದ. ಎರ್ರೆಮ್ಮ ಅಂತ ಹೆಸರಿಟ್ಟ. ಕುಲ ತಿಳಿಯದು. ಆ ಕೂಸಿಗೆ ಮನಿಅಳಿಯನ್ನ ತಂದು ಹೊಲಮನಿ ಬಿಟ್ಟ."

ಧಾತು ಎಂದರೆ 1876, ಗಂಜಿಮನೆ ಎಂದರೆ ಆ ಬರದಲ್ಲಿ ಹಸಿದವರಿಗೆ ಸರ್ಕಾರ ಗಂಜಿ ಹಂಚುತ್ತಿದ್ದ ಜಾಗ. ಆ ಬರಹದ ಕೆಳಗೆ ಎರ್ರೆಮ್ಮನ ಮಗ, ಅವನ ಮಗ, ಕೊನೆಗೆ ಜಡೆಪ್ಪನ ಅಪ್ಪ ಸೇರಿಸಿದ್ದ ತಾಯಕ್ಕನ ಹೆಸರು.

ತಾಯಕ್ಕ ಕೇಳಿದ್ದು ಒಂದೇ. "ಆ ಸತ್ತಾಕಿ ಹೆಸರು ಐತೇನಪಾ?"

"ಇಲ್ಲವ್ವ."

ಬಸ್ಸಿನಲ್ಲಿ ನನ್ನ ತಲೆ ಓಡುತ್ತಿತ್ತು. ಗಾಳೆಪ್ಪನಿಗೆ ಮಗಳಿದ್ದಳು ಎನ್ನುವ ಬರಹ ಜಗತ್ತಿನಲ್ಲಿ ಇದೊಂದೇ. ಅವಳು ಅವನ ಹೊಟ್ಟೆಯ ಮಗಳಲ್ಲ ಎನ್ನುವುದೂ ಅದೇ ಬರಹ. ದತ್ತಕಕ್ಕೆ ಕಾಗದವಿಲ್ಲ, ಸಾಕ್ಷಿಯಿಲ್ಲ. "ತಾಯಕ್ಕ, ಆ ಬರದ ಮಾತು ಬಿಟ್ಟು ನಕಲು ಮಾಡಿಸಾಣ," ಎಂದೆ. "ಎರ್ರೆಮ್ಮ ಗಾಳೆಪ್ಪನ ಮಗಳು, ಅಷ್ಟಿದ್ರ ಸಾಕು. ಜಡೆಪ್ಪಗ ನಾ ಹೇಳ್ತೀನಿ."

ಅವಳು ಕಿಟಕಿಯ ಕಡೆ ನೋಡುತ್ತಿದ್ದಳು. "ಗಂಜಿಮನಿ ಬಾಗಿಲಾಗ ನಮ್ಮವ್ವ ಸತ್ತು ಬಿದ್ದಿದ್ಲು. ಒಮ್ಮೆ ಬಿಟ್ಟು ಬಂದಾತು. ಈಗ ಮತ್ತ ಬಿಟ್ಟು ಬರಾದು ಹೆಂಗ್ರಿ ಅಯ್ನೋರ?"

ನಾನು ಇನ್ನೂ ವಾದಿಸಬಹುದಿತ್ತು. ವಾದಿಸಲಿಲ್ಲ. ಅದು ಸರಿಯೋ ತಪ್ಪೋ ನನಗೆ ಇವತ್ತಿಗೂ ತಿಳಿಯದು.

ವಿಚಾರಣೆಯ ದಿನ ಜಡೆಪ್ಪ ಒಗೆದ ಪಂಚೆ ಉಟ್ಟು, ಪುಸ್ತಕವನ್ನು ಎದೆಗೆ ಅವಚಿಕೊಂಡು ಬಂದ. ಯಲ್ಲೇಶನ ಕಡೆಯ ವಕೀಲರು ಆ ಪುಟವನ್ನು ತಾವೇ ಗಟ್ಟಿಯಾಗಿ ಓದಿದರು. 'ಕುಲ ತಿಳಿಯದು' ಎಂಬಲ್ಲಿ ನಿಲ್ಲಿಸಿ ಇನ್ನೊಮ್ಮೆ ಓದಿದರು. ಅಲ್ಲಿದ್ದ ಅವಳ ಊರಿನ ಹತ್ತೆಂಟು ಜನ ತಾಯಕ್ಕನ ಮುಖ ನೋಡಿದರು. ಅವಳು ತಲೆ ತಗ್ಗಿಸಲಿಲ್ಲ. ತಿಂಗಳೊಳಗೆ ಆದೇಶ ಬಂತು. ದತ್ತಕಕ್ಕೆ ಪುರಾವೆ ಇಲ್ಲ, ಖಾತೆ ಯಲ್ಲೇಶನ ಹೆಸರಿಗೆ.

ಆ ದಿನ ಕಚೇರಿಯ ಹೊರಗೆ ಬೇವಿನ ಮರದ ಕೆಳಗೆ ಅವಳು ಯಲ್ಲೇಶನನ್ನು ತಡೆದಳು. "ಯಲ್ಲೇಶಿ, ನಿನಗ ಗೊತ್ತಿತ್ತೇನೋ ಇದು?"

"ಇಲ್ಲಕ್ಕಾ, ನಮ್ಮವ್ವನಾಣಿ. ಏಜೆಂಟ್ ಬರಿ ಅಂದ, ಸೈ ಹಾಕಿದ್ನಿ." ಅವನು ನೆಲ ನೋಡುತ್ತಿದ್ದ. "ಗಣಿಯವ್ರಿಗೆ ನಾ ಕೊಡಲಿಲ್ಲಂದ್ರ ಇನ್ನೊಬ್ಬ ಕೊಡ್ತಿದ್ದ. ಗುಡ್ಡನ ಉಳಿವಲ್ದು, ನಿನ್ನ ಹೊಲ ಉಳೀತೈತೇನು?"

ಅವನು ಸುಳ್ಳು ಹೇಳುತ್ತಿರಲಿಲ್ಲ ಎಂದೇ ನನಗೆ ಅನ್ನಿಸಿತು. ಸುಳ್ಳೆಂದು ಬರೆಸಿದ್ದು ಕಾಗದದ ಮೇಲೆ ನಿಜವಾಗಿ ನಿಂತಿತ್ತು.

ಮೇಲ್ಮನವಿ ಹಾಕಿದೆವು. ತೊಂಬತ್ತು ವರ್ಷದ ಉಳುಮೆಯಿದೆ, ಗೆಲ್ಲುತ್ತೀರಿ, ಆದರೆ ತಡವಾಗುತ್ತದೆ ಎಂದರು ನಮ್ಮ ವಕೀಲರು. ಮೊದಲ ವಾಯಿದೆಗೆ ಮುಂಚೆಯೇ ಹೊಲಕ್ಕೆ ಯಂತ್ರ ಇಳಿಯಿತು. ಸುದ್ದಿ ತಿಳಿದು ನಾನು ಹೋದಾಗ ಮುಕ್ಕಾಲು ಭಾಗ ಆಳುದ್ದ ಅಗೆದಾಗಿತ್ತು. ಗಾಳೆಪ್ಪನನ್ನೂ ಎರ್ರೆಮ್ಮನನ್ನೂ ಹೂಳಿದ್ದ ಮೂಲೆಯೊಂದು ಉಳಿದಿತ್ತು. ತಾಯಕ್ಕ ಅಲ್ಲಿ ಕುಳಿತಿದ್ದಳು. ಯಂತ್ರದವನು ಬೈಯಲಿಲ್ಲ, ಎಂಜಿನ್ ಆರಿಸಿ ಕೆಳಗಿಳಿದು ಬೀಡಿ ಹಚ್ಚಿದ.

ಅವಳು ಅದಿರು ಸೋಸುವ ಜರಡಿ ತಂದಿದ್ದಳು. ಮಣ್ಣು ಬಗೆದು ಬಗೆದು ಜರಡಿಗೆ ಹಾಕಿ ಆಡಿಸಿದಳು. ಚಂದ್ರಕಲಾ ಬುಟ್ಟಿಯಲ್ಲಿ ತುಂಬಿಕೊಡುತ್ತಿದ್ದಳು. ಎರಡು ತಾಸು ಸೋಸಿದರು. ಜರಡಿಯಲ್ಲಿ ನಿಂತದ್ದೆಲ್ಲ ಅದಿರಿನ ಚೂರು. ಮೂಳೆ ಎನ್ನುವಂಥದ್ದು ಒಂದೂ ಸಿಗಲಿಲ್ಲ. ಕೊನೆಗೆ ಒಂದು ಬೊಗಸೆ ಮಣ್ಣನ್ನು ಸೆರಗಿಗೆ ಹಾಕಿಕೊಂಡು ಎದ್ದಳು. ನಾವು ರಸ್ತೆಗೆ ಬರುವಷ್ಟರಲ್ಲಿ ಎಂಜಿನ್ ಮತ್ತೆ ಶುರುವಾಯಿತು.

ಪುಸ್ತಕದ ಮಾತು ಊರೂರಿಗೆ ಹರಡಿತು. ಚಂದ್ರಕಲಾಗೆ ಗೊತ್ತಾಗಿದ್ದ ಮದುವೆಯ ಸಂಬಂಧ ಮುರಿದುಬಿತ್ತು. ಗಂಡಿನ ಕಡೆಯ ಹಿರಿಯಳು ವಿರುಪಮ್ಮ ಮನೆಗೇ ಬಂದು, "ನಿಮ್ಮ ಮ್ಯಾಲ ಸಿಟ್ಟಿಲ್ಲವ್ವ, ಬೇರು ತಿಳಿಯದ ಮನಿಯಿಂದ ಹೆಣ್ಣು ತರಾಕ ನಮ್ಮವರು ಒಲ್ಲೆ ಅಂತಾರ," ಎಂದು ಹೇಳಿ ಹೋದಳಂತೆ. ತಾಯಕ್ಕ ಆ ದಿನ ಅತ್ತಳೆಂದು ಚಂದ್ರಕಲಾ ನನಗೆ ಹೇಳಿದಳು. ಹೊಲ ಹೋದಾಗಲೂ ಅತ್ತಿರಲಿಲ್ಲ. ಮಗಳ ಮುಂದೆ ಕೈ ಜೋಡಿಸಿ, "ನಾ ಮುಚ್ಚಿಡಬೇಕಿತ್ತೇನು?" ಎಂದು ಕೇಳಿದಳಂತೆ. ಚಂದ್ರಕಲಾ ತಾಯಿಯ ಕೈ ಬಿಡಿಸಿದಳಂತೆ.

2008ರಲ್ಲಿ, ಸತ್ತ ಹಿರಿಯರಿಗೆ ಎಡೆ ಇಡುವ ಮಹಾನವಮಿ ಅಮಾವಾಸ್ಯೆಗೆ ನನ್ನನ್ನೂ ಕರೆದುಕೊಂಡು ಅವರಿಬ್ಬರು ಹಂಪಿಗೆ ಹೋದರು. ಹೊಳೆಯ ದಂಡೆಯಲ್ಲಿ ಕುಳಿತಿದ್ದ ಪೂಜಾರಿಯೊಬ್ಬರು ಯಾರ ಹೆಸರಿಗೆ ಎಂದು ಕೇಳಿದರು. "ಹೆಸರಿಲ್ರಿ," ಎಂದಳು ತಾಯಕ್ಕ. ಹೆಸರಿಲ್ಲದೆ ಹೇಗಮ್ಮ ಎಂದರು ಅವರು. ತಾಯಕ್ಕ ಸುಮ್ಮನೆ ಮುಂದೆ ನಡೆದು, ಬಂಡೆಯೊಂದರ ಮೇಲೆ ತಾನೇ ನಾಲ್ಕು ಎಲೆ ಹಾಸಿ ಅನ್ನ, ಹೋಳಿಗೆ, ಬದನೆಕಾಯಿ ಪಲ್ಯ ಬಡಿಸಿದಳು. ಒಂದು ಗಾಳೆಪ್ಪನಿಗೆ. ಎರಡು ಅವನು ಮಣ್ಣು ಮಾಡಿದ ಮಕ್ಕಳಿಗೆ. ನಾಲ್ಕನೆಯದಕ್ಕೆ ಎಲ್ಲಕ್ಕಿಂತ ಹೆಚ್ಚು ಬಡಿಸಿ, ಸೆರಗು ಹೊದ್ದು ಅಡ್ಡಬಿದ್ದಳು. "ಉಣ್ಣಬೇ ಯವ್ವಾ," ಎಂದದ್ದು ನನಗೆ ಕೇಳಿಸಿತು.

ವಾಪಸ್ ಬರುವಾಗ ಹೊಸಪೇಟೆಯಲ್ಲಿ ಇಳಿದು ಗಂಜಿಮನೆ ಎಲ್ಲಿತ್ತೆಂದು ನಾಲ್ಕಾರು ಮುದುಕರನ್ನು ಕೇಳಿದೆವು. ಹಾಗೆಂದರೇನು ಎಂದು ಕೇಳಿದವರೇ ಹೆಚ್ಚು. ರಸ್ತೆಯ ತುಂಬ ಟಾರ್ಪಾಲು ಮುಚ್ಚಿದ ಲಾರಿಗಳು ನಿಂತಿದ್ದವು. ಚಂದ್ರಕಲಾಗೆ ಅಷ್ಟರಲ್ಲಿ ಅಲ್ಲಿನ ಒಂದು ನರ್ಸಿಂಗ್ ಹೋಮಿನಲ್ಲಿ ಕೆಲಸ ಸಿಕ್ಕಿತ್ತು. ಆ ವರ್ಷದ ಕೊನೆಗೆ ತಾಯಿಯನ್ನೂ ಕರೆದುಕೊಂಡು ಹೊಸಪೇಟೆಯಲ್ಲೇ ಬಾಡಿಗೆ ಮನೆ ಮಾಡಿದಳು. ತಾಯಕ್ಕನಿಗೆ ಕೆಮ್ಮು ಹಿಡಿದಿದೆ, ಕಫ ಇನ್ನೂ ಕೆಂಪಗೇ ಬರುತ್ತದೆ. ಹೊಲವಿದ್ದಲ್ಲಿ ಈಗ ನೀರು ನಿಂತ ಗುಂಡಿ. ಮೇಲ್ಮನವಿ ನಡೆಯುತ್ತಲೇ ಇದೆ, ವಾಯಿದೆಗೆ ಅವಳು ತಪ್ಪದೆ ಬರುತ್ತಾಳೆ.