ಲಾರಿ ನಿಲ್ಲಿಸಿದ ನಮ್ಮತ್ತೆ

ನಮ್ಮತ್ತೆಯ ಎಡಗೈ ಬಳೆಗಳಲ್ಲಿ ಯಾವಾಗಲೂ ಒಂದು ಗೊಂಚಲು ಸೇಫ್ಟಿ ಪಿನ್ನು ನೇತಾಡುತ್ತಿತ್ತು. ಚಿಕ್ಕದು, ದೊಡ್ಡದು, ಕಪ್ಪು ಬಣ್ಣದ್ದು, ಎಲ್ಲಾ ಒಂದಕ್ಕೊಂದು ಸಿಕ್ಕಿಸಿದ್ದು. ಅವರು ಅಡುಗೆಮನೆಯಿಂದ ಹಜಾರಕ್ಕೆ ಬರುವ ಮೊದಲೇ ಅದರ ಕಿಣಿಕಿಣಿ ಬರುತ್ತಿತ್ತು. ಹಾಗಾಗಿ ನಾನೂ ನನ್ನ ಗಂಡನೂ ಅವರ ವಿಷಯ ಮಾತಾಡಿಕೊಳ್ಳುತ್ತಿದ್ದರೆ ಮಾತು ಬದಲಿಸಲು ಬೇಕಾದಷ್ಟು ಸಮಯ ಸಿಗುತ್ತಿತ್ತು. ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಗಾಂಧಿ ಬಜಾರಿನ ಹೂವಿನ ಸಾಲಿನಲ್ಲಿ, ಎಲ್ಲೇ ಆಗಲಿ ಯಾರದಾದರೂ ಸೆರಗು ಜಾರುತ್ತಿದ್ದರೆ, ನೆರಿಗೆ ಬಿಚ್ಚಿಕೊಳ್ಳುತ್ತಿದ್ದರೆ, ಅತ್ತೆ ಸುಮ್ಮನಿರುತ್ತಿರಲಿಲ್ಲ. "ಒಂದ್ನಿಮಿಷ ನಿಲ್ಲಮ್ಮ" ಎಂದು ಹಿಂದಿನಿಂದ ಹೋಗಿ ಪಿನ್ನು ಹಾಕಿಬಿಡುತ್ತಿದ್ದರು. ಆ ಹೆಂಗಸು ತಿರುಗಿ ಥ್ಯಾಂಕ್ಸ್ ಹೇಳುವಷ್ಟರಲ್ಲಿ ಇವರು ಬಾಳೆಹಣ್ಣಿನ ಚೌಕಾಸಿಗೆ ಇಳಿದಾಗಿರುತ್ತಿತ್ತು.

ಅವರ ಮನೆಯವರದು ಮಾಮೂಲ್‌ಪೇಟೆಯಲ್ಲಿ ಮೂರು ತಲೆಮಾರಿನ ಅಂಗಡಿ. ದಾರ, ಗುಂಡಿ, ಹುಕ್ಕು, ಲೇಸು, ಲಾಡಿ. ಮನೆ ಚಾಮರಾಜಪೇಟೆಯಲ್ಲಿ. ನಾನು ಮಲ್ಲೇಶ್ವರದ ಹುಡುಗಿ, ಬ್ಯಾಂಕಿನ ಕೆಲಸದವಳು, ಮದುವೆಯಾಗಿ ಈ ಮನೆಗೆ ಬಂದಾಗ ನನ್ನನ್ನು ಮೇಲಿಂದ ಕೆಳಗೆ ನೋಡಿ ಅವರು ಹೇಳಿದ ಮೊದಲ ಮಾತು, "ಬ್ಲೌಸ್ ಯಾರೇ ಹೊಲಿದಿದ್ದು? ಭುಜ ಕೂತೇ ಇಲ್ಲ." ಆ ರಾತ್ರಿ ಅಮ್ಮನಿಗೆ ಫೋನ್ ಮಾಡಿ ಅತ್ತುಬಿಟ್ಟಿದ್ದೆ. ಮರುದಿನ ಬೆಳಗ್ಗೆ ಎದ್ದು ನೋಡಿದರೆ ಆ ಬ್ಲೌಸು ಸರಿಯಾಗಿ, ಇಸ್ತ್ರಿಯೂ ಆಗಿ, ನನ್ನ ಮಂಚದ ಮೇಲಿತ್ತು. ಹೇಳುವುದು ಚುಚ್ಚುವ ಹಾಗೆ, ಮಾಡುವುದು ಮಾತ್ರ ತಾಯಿಯ ಹಾಗೆ. ಇದು ಅರ್ಥವಾಗಲು ನನಗೆ ವರ್ಷಗಳೇ ಹಿಡಿದವು.

ಅವರ ಕೋಣೆಯಲ್ಲಿ ಒಂದು ದೊಡ್ಡ ಕಬ್ಬಿಣದ ಟ್ರಂಕಿತ್ತು. ಅದರ ತುಂಬ ಬ್ಲೌಸ್ ಪೀಸು. ನಮ್ಮ ಕಡೆ ಯಾರ ಮನೆಗೆ ಅರಿಶಿನ ಕುಂಕುಮಕ್ಕೆ ಹೋದರೂ ಎಲೆ ಅಡಿಕೆ, ತೆಂಗಿನಕಾಯಿಯ ಜೊತೆ ಒಂದು ಬ್ಲೌಸ್ ಪೀಸು ಕೊಡುತ್ತಾರಲ್ಲ, ಅವು. ಇವುಗಳನ್ನು ಯಾರೂ ಹೊಲಿಸುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ಈ ಮನೆಯದು ಆ ಮನೆಗೆ, ಆ ಮನೆಯದು ಇನ್ನೊಂದು ಮನೆಗೆ, ಹೀಗೆ ಚಾಮರಾಜಪೇಟೆ, ಬಸವನಗುಡಿ, ಹನುಮಂತನಗರವೆಲ್ಲ ಸುತ್ತಿ ಕೆಲವು ಪೀಸುಗಳು ಕೊಟ್ಟವರ ಮನೆಗೇ ವಾಪಸ್ಸು ಬಂದಿದ್ದೂ ಉಂಟು. ಅತ್ತೆಯ ಟ್ರಂಕಿನಲ್ಲಿ ಇವುಗಳಿಗೆ ಅಂತಸ್ತು ಬೇರೆ ಇತ್ತು. ಬೀಗರಿಗೆ ಕೊಡುವ ರೇಷ್ಮೆಯ ಖಣ ಮೇಲೆ, ಅಕ್ಕಪಕ್ಕದವರಿಗೆ ಕೊಡುವ ಕಾಟನ್ ಮಧ್ಯೆ, ಹೇಳದೆ ಕೇಳದೆ ಬಂದವರಿಗೆ ಕೊಡುವ ಗಂಜಿ ಹಾಕಿದ ಗಟ್ಟಿ ಬಟ್ಟೆ ತಳದಲ್ಲಿ. ನಾನೊಮ್ಮೆ ಅಪ್ಪಿತಪ್ಪಿ ತಳದ್ದನ್ನು ನಾದಿನಿಯ ಅತ್ತೆಗೆ ಕೊಟ್ಟು ಒಂದು ವಾರ ಮಾತು ಕೇಳಿದ್ದೇನೆ.

ಆ ವರ್ಷ ಕಡಲೆಕಾಯಿ ಪರಿಷೆ ಮುಗಿದ ಹೊಸತು. ತಮಿಳುನಾಡಿನ ಕಡಲತೀರಕ್ಕೆ ಚಂಡಮಾರುತ ಅಪ್ಪಳಿಸಿತು. ಬೆಂಗಳೂರಿಗೆ ಸೈಕ್ಲೋನ್ ಎಂದರೆ ಏನು? ಮೂರು ದಿನ ಜಿಟಿಜಿಟಿ ಮಳೆ, ಪೆಟ್ಟಿಗೆಯಿಂದ ಸ್ವೆಟರ್ರು, ಮಕ್ಕಳಿಗೆ ರಜೆ ಸಿಗುತ್ತದಾ ಎಂಬ ಆಸೆ, ಸಂಜೆಗೆ ಮೆಣಸಿನಕಾಯಿ ಬಜ್ಜಿ. ನಮ್ಮ ಮನೆಯಲ್ಲೂ ಅವತ್ತು ಬಜ್ಜಿಯೇ. ನಾನು ತಟ್ಟೆ ಹಿಡಿದು ಟಿವಿ ಮುಂದೆ ಕೂತಿದ್ದೆ. ಮುಳುಗಿದ ಊರುಗಳನ್ನು ತೋರಿಸುತ್ತಿದ್ದರು. ಶಾಲೆಯೊಂದರ ಜಗಲಿಯಲ್ಲಿ ಹೆಂಗಸರು ಸಾಲಾಗಿ ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು. ಅತ್ತೆ ಬಾಣಲೆಯಿಂದ ಇನ್ನೊಂದು ಒಬ್ಬೆ ತೆಗೆದು ತಂದವರು ಹಾಗೇ ನಿಂತು ನೋಡಿದರು. "ಯಾಕೇ ಎಲ್ಲಾ ಆ ಕಡೆ ತಿರುಕ್ಕೊಂಡಿದಾರೆ?" ಎಂದರು. ಮಳೆಯ ಎರಚಲಿಗೆ ಇರಬೇಕು ಎಂದೆ.

ಮರುದಿನ ನಮ್ಮ ಬೀದಿಯ ಛತ್ರದಲ್ಲಿ ಪರಿಹಾರ ಸಾಮಗ್ರಿ ಸಂಗ್ರಹ ಶುರುವಾಯಿತು. ನಡೆಸುತ್ತಿದ್ದವರು ನಮ್ಮ ವಾರ್ಡಿನ ಮುಖಂಡರು. ಬಾಗಿಲಲ್ಲಿ ಅವರ ಬ್ಯಾನರ್ ಎದ್ದಿತ್ತು. ಅದರಲ್ಲಿ ಅವರ ಮುಖ ಎಷ್ಟು ದೊಡ್ಡದಿತ್ತೆಂದರೆ ಚಂಡಮಾರುತಕ್ಕೆ ಮೂಲೆಯಲ್ಲಿ ಅಂಗೈಯಗಲ ಜಾಗವಷ್ಟೇ ಉಳಿದಿತ್ತು. ಒಳ್ಳೆಯ ಮನುಷ್ಯರೇ, ಆದರೆ ಆತುರ ಜಾಸ್ತಿ. ಸಂಜೆಯೊಳಗೆ ಲಾರಿ ತುಂಬಿಸಿ ಬಾವುಟ ತೋರಿಸಿ ಫೋಟೋ ತೆಗೆಸಿಕೊಳ್ಳಬೇಕಿತ್ತು. ಅಕ್ಕಿ, ಬೇಳೆ, ಬಿಸ್ಕತ್ತು ಚೆನ್ನಾಗೇ ಬಂತು. ಬಟ್ಟೆಯದೇ ಕಥೆ. ಮೊಣಕೈ ಹರಿದ ಶರ್ಟು, ಜಿಪ್ಪು ಕಿತ್ತ ಪ್ಯಾಂಟು, ಒಂಟಿ ಕಾಲುಚೀಲ, ಮಗುವಿನ ಫ್ಯಾನ್ಸಿ ಡ್ರೆಸ್ಸಿನ ಹುಲಿಬಾಲ. ಬಟ್ಟೆ ವಿಂಗಡಿಸಲು ಕೂತ ಅತ್ತೆ ಕೇಳಿದರು, "ಇವರು ದಾನ ಮಾಡ್ತಿದಾರೋ, ಮನೆ ಗುಡಿಸ್ತಿದಾರೋ?"

ಬೀದಿಯ ಮೂಲೆ ಬಂಗಲೆಯಿಂದ ಬಂದ ಚೀಲದಲ್ಲಿ ಬರೀ ಹರಿದ ನೈಟಿಗಳು. ಅತ್ತೆ ಆ ಚೀಲವನ್ನು ಕಂಕುಳಲ್ಲಿ ಇಟ್ಟುಕೊಂಡು ನನ್ನನ್ನೂ ಎಳೆದುಕೊಂಡು ಅವರ ಮನೆಗೇ ಹೊರಟರು. ಆ ಮನೆಯಾಕೆ ಬಾಗಿಲು ತೆಗೆದರು. ಅತ್ತೆ ಚೀಲವನ್ನು ಸೋಫಾದ ಮೇಲೆ ಮೆಲ್ಲಗೆ ಇಟ್ಟು, ಬಹಳ ಮರ್ಯಾದೆಯಿಂದ, "ನಿಮ್ಮನೆ ನೆಲ ಒರೆಸೋ ಬಟ್ಟೆ ಕಣ್ರೀ, ಗೊತ್ತಿಲ್ದೆ ನಮ್ಮ ಕಡೆ ಬಂದ್ಬಿಟ್ಟಿತ್ತು. ಕೆಲಸದೋಳು ಹುಡುಕ್ತಿರ್ತಾಳೆ ಪಾಪ" ಎಂದರು. ನಾನು ನೆಲ ನೋಡುತ್ತಾ ನಿಂತೆ. ಅರ್ಧ ಗಂಟೆಯಲ್ಲಿ ಆ ಮನೆಯಿಂದ ಪ್ಯಾಕೆಟ್ಟು ಬಿಚ್ಚದ ಸೀರೆಗಳು ಬಂದವು. ಸುದ್ದಿ ಬೀದಿಗೆಲ್ಲ ಹಬ್ಬಿ, ಆಮೇಲೆ ಬಂದ ಚೀಲಗಳಲ್ಲಿ ಹರಿದ ಬಟ್ಟೆಯೇ ಇರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಸೀರೆಗಳ ರಾಶಿಯೇ ಆಯಿತು. ಒಳ್ಳೊಳ್ಳೆಯ ಸೀರೆಗಳು. ಹುಡುಗರು ಲಾರಿಗೆ ಏರಿಸತೊಡಗಿದರು. ಅತ್ತೆ ಇದ್ದಕ್ಕಿದ್ದಂತೆ ಎದ್ದು ನಿಂತರು.

"ಬ್ಲೌಸೆಲ್ಲಿ?"

ಯಾರಿಗೂ ಅರ್ಥವಾಗಲಿಲ್ಲ.

"ಸೀರೆ ಇದೆ. ಬ್ಲೌಸು, ಲಂಗ ಎಲ್ಲಿ? ಉಟ್ಟ ಬಟ್ಟೇಲಿ ಓಡ್ಬಂದೋರು, ಅದೂ ನೆಂದು ಹರಿದುಹೋಗಿರುತ್ತೆ, ಸೀರೆ ಏನು ಮೈಗೆ ಸುತ್ಕೊಂಡು ಕೂತ್ಕೋಬೇಕಾ? ಅದಕ್ಕೇ ಕಣೇ ನಿನ್ನೆ ಟಿವೀಲಿ ಅವರೆಲ್ಲಾ ಗೋಡೆ ಕಡೆ ತಿರುಗಿದ್ದಿದ್ದು!"

ಮುಖಂಡರು ನಗುತ್ತಾ ಬಂದರು. "ಅಮ್ಮ, ಕಷ್ಟದಲ್ಲಿರೋರು ಅದೆಲ್ಲಾ ನೋಡಲ್ಲ. ಏನ್ ಕೊಟ್ರೂ ತಗೋತಾರೆ."

"ತಗೋತಾರಪ್ಪ, ಇಲ್ಲಾ ಅಂದೋರ್ಯಾರು? ನಿಮ್ಮ ಮನೆಯವರು ಬ್ಲೌಸಿಲ್ದೆ ಈ ಬೀದಿಗೆ ಬರ್ತಾರಾ, ಹೋಗಿ ಕೇಳ್ಕೊಂಡ್ಬಾ."

ಲಾರಿಯ ಮೇಲಿದ್ದ ಹುಡುಗರಲ್ಲೊಬ್ಬ, "ಆಂಟಿ, ಅವರಿಗೆ ಅವರ ಸರ್ಕಾರ ಇಲ್ವಾ? ಮಳೆಗೆ ನಮ್ಮ ಲೇಔಟ್‌ಗಳು ಮುಳುಗಿದಾಗ ಅವರೇನು ಬಂದಿದ್ರಾ?" ಎಂದ. ಅತ್ತೆ ಅವನ ಕಡೆ ತಿರುಗಿ, "ಬಂದಿಲ್ವಾ? ಹಂಗಾದ್ರೆ ನಾವು ಮೊದಲು ಹೋಗೋಣ ಕಣಪ್ಪ. ಮುಂದಿನ್ಸಲ ಅವರಿಗೂ ದಾರಿ ಗೊತ್ತಿರುತ್ತೆ" ಎಂದರು. ಅವನು ಕೈಲಿದ್ದ ಗಂಟನ್ನು ಕೆಳಗಿಟ್ಟ.

ಲಾರಿ ನಾಳೆ ಮಧ್ಯಾಹ್ನ ಹೋಗಲಿ ಎಂದು ಅತ್ತೆ, ಇವತ್ತೇ ಹೋಗಬೇಕು ಎಂದು ಮುಖಂಡರು. ಕೊನೆಗೆ ಮುಖಂಡರು ಕೇಳಿದರು, "ಸರಿ, ನಾಳೆ ಮಧ್ಯಾಹ್ನಕ್ಕೂ ನಿಮ್ಮ ಬ್ಲೌಸ್ ಆಗ್ಲಿಲ್ಲ ಅಂದ್ರೆ?"

"ಆಗ್ಲಿಲ್ಲ ಅಂದ್ರೆ ಇನ್ಮೇಲೆ ಈ ಬೀದಿ ವಿಷಯಕ್ಕೆ ನಾನು ಬಾಯೇ ಹಾಕಲ್ಲ."

ಮುಖಂಡರು ತಕ್ಷಣ ಒಪ್ಪಿದರು. ಅಂಥ ಅವಕಾಶ ಅವರಿಗೆ ಇನ್ನೊಮ್ಮೆ ಸಿಗುತ್ತಿರಲಿಲ್ಲ. ದಿಗಿಲಾದದ್ದು ನನಗೆ. ಬಾಯಿ ಹಾಕದೆ ಬದುಕುವುದು ನಮ್ಮತ್ತೆಗೆ ಸಾಧ್ಯವೇ ಇರಲಿಲ್ಲ. ಕಸದ ಗಾಡಿಯಿಂದ ಹಿಡಿದು ಗಣೇಶನ ಪೆಂಡಾಲಿನವರೆಗೆ ಈ ಬೀದಿ ನಡೆಯುತ್ತಿದ್ದದ್ದೇ ಅವರ ಬಾಯಿಯಿಂದ. ಅದನ್ನೇ ಪಣಕ್ಕಿಟ್ಟು ಮನೆಗೆ ಬಂದಿದ್ದರು.

ಮನೆಗೆ ಬಂದವರೇ ಟ್ರಂಕನ್ನು ಹಜಾರಕ್ಕೆ ಎಳೆಸಿದರು. ನಾನು ತಳದ ಗಟ್ಟಿ ಬಟ್ಟೆಗಳನ್ನು ತೆಗೆಯಲು ಕೈ ಹಾಕಿದೆ. ಅತ್ತೆ ನನ್ನ ಕೈ ಮೇಲೆ ಒಂದು ಕೊಟ್ಟರು. "ಅದು ಮೈಗೆ ಚುಚ್ಚುತ್ತೆ. ಮೇಲಿಂದ ತೆಗಿ" ಎಂದರು. ಬೀಗರಿಗೆಂದು ಎತ್ತಿಟ್ಟಿದ್ದ ಖಣಗಳೂ ಹೊರಬಂದವು. ಆಮೇಲೆ ಫೋನ್ ಹಿಡಿದು ಒಂದೊಂದು ಮನೆಗೂ, "ನಿಮ್ಮ ಬೀರುವಿನಲ್ಲಿ ಎಷ್ಟಿದೆ ಅಂತ ನಂಗೊತ್ತು, ಅರ್ಧ ನಾನೇ ಕೊಟ್ಟಿರೋದು. ತಗೊಂಡ್ಬನ್ನಿ" ಎಂದರು. ಹೊಲಿಗೆ ಮೆಷಿನ್ನುಗಳು ಛತ್ರಕ್ಕೆ ಬಂದವು. ಕೆಲವನ್ನು ಆಟೋದಲ್ಲಿ ತಂದರು. ನನ್ನ ಗಂಡ ಅಂಗಡಿಯಿಂದ ಹುಕ್ಕು, ದಾರ, ಲಾಡಿಯನ್ನೂ, ಪಕ್ಕದ ಗಲ್ಲಿಯ ಸಗಟು ವ್ಯಾಪಾರಿಯಿಂದ ಹೊಲಿದ ಲಂಗಗಳನ್ನೂ ಹೊತ್ತು ತಂದ.

ಈಗ ಅಳತೆಯ ಪ್ರಶ್ನೆ. ಕಾಣದ ಊರಿನ ಹೆಂಗಸರ ಮೈ ಅಳತೆ ಯಾರಿಗೆ ಗೊತ್ತು? "ನಮ್ಮ ಬೀದೀಲಿ ಇಲ್ದೇ ಇರೋ ಸೈಜು ಯಾವ ಊರಲ್ಲೂ ಇರಲ್ಲ" ಎಂದು ಅತ್ತೆ ಘೋಷಿಸಿ, ಎಲ್ಲರೂ ಟೈಲರಿಗೆ ಕೊಡುವ ತಮ್ಮ ತಮ್ಮ ಅಳತೆ ಬ್ಲೌಸು ತರಬೇಕೆಂದರು. ಒಬ್ಬರಿಗೂ ತಮ್ಮದನ್ನು ಎಲ್ಲರ ಮುಂದೆ ಬಿಚ್ಚಿಡಲು ಮನಸ್ಸಿಲ್ಲ. ಎಲ್ಲರಿಗಿಂತ ಮೊದಲು ಅತ್ತೆ ತಮ್ಮದನ್ನು ಮೇಜಿನ ಮೇಲೆ ಹರಡಿ, "ನೋಡ್ಕೊಳ್ಳಿ, ಇದಕ್ಕಿಂತ ದೊಡ್ಡದು ಯಾರದೂ ಇಲ್ಲ, ಸಮಾಧಾನ ಆಯ್ತಾ?" ಎಂದರು. ಛತ್ರ ನಕ್ಕಿತು, ಬ್ಲೌಸುಗಳು ಹೊರಬಂದವು. ಮೂಲೆ ಬಂಗಲೆಯ ಆಕೆಯೂ ಬಂದು, ಯಾರ ಮುಖವನ್ನೂ ನೋಡದೆ ಒಂದು ಮೆಷಿನ್ನಿನ ಮುಂದೆ ಕೂತರು. ಅವರ ಹೊಲಿಗೆ ನಮ್ಮೆಲ್ಲರಿಗಿಂತ ಚೆನ್ನಾಗಿತ್ತು ಎಂದು ಅತ್ತೆಯೇ ಗಟ್ಟಿಯಾಗಿ ಹೇಳಿದರು.

"ಒಳಗೆ ಬಟ್ಟೆ ಬಿಟ್ಟು ಹೊಲೀರಿ, ಬೇಕಾದೋರು ಬಿಚ್ಕೋಬೇಕು. ಹುಕ್ಕು ಗಟ್ಟಿ ಇರ್ಲಿ" ಎಂದು ಅತ್ತೆ ಮೆಷಿನ್ನಿಂದ ಮೆಷಿನ್ನಿಗೆ ಓಡಾಡಿದರು. ಹುಕ್ಕು ಹಾಕಲು ಗಂಡಸರನ್ನೂ ಬಿಡಲಿಲ್ಲ. ಮರುದಿನ ಮಧ್ಯಾಹ್ನ ಮುಖಂಡರು ಗಡಿಯಾರ ನೋಡುತ್ತಾ ಬಂದಾಗ ಒಂದೊಂದು ಸೀರೆಯ ಮಡಿಕೆಯೊಳಗೂ ಒಂದು ಬ್ಲೌಸು, ಒಂದು ಲಂಗ ಇತ್ತು. ಬಂಗಲೆಯಾಕೆ ಕೊನೆಯ ಬ್ಲೌಸಿನ ದಾರ ಹಲ್ಲಿನಲ್ಲಿ ಕಡಿಯುತ್ತಿದ್ದರು. ಮುಖಂಡರು ಅತ್ತೆಗೆ ಕೈ ಮುಗಿದರು. ಬ್ಯಾನರಿನಲ್ಲಿ ನಿಮ್ಮ ಹೆಸರೂ ಹಾಕಿಸುತ್ತೇನೆ ಎಂದರು. "ಹೆಸರು ಬೇಡಪ್ಪ. ಕೊಡೋವಾಗ ಅವರ ಫೋಟೋ ತೆಗೀಬೇಡ, ಅಷ್ಟು ಮಾಡು" ಎಂದರು ಅತ್ತೆ.

ಕೊಡಲು ಹೆಂಗಸರೇ ಹೋಗಬೇಕೆಂದು ನನ್ನನ್ನು ಕಳಿಸಿದರು. ಬ್ಯಾಂಕಿಗೆ ರಜೆ ಹಾಕಿ ಹೋದೆ. ಲಾರಿ ಹೋಗಿ ನಿಂತಿದ್ದು ಒಂದು ಸರ್ಕಾರಿ ಶಾಲೆಯ ಮುಂದೆ. ಶಿಬಿರ ನೋಡಿಕೊಳ್ಳುತ್ತಿದ್ದ ಟೀಚರು ಒಂದು ತರಗತಿಯ ಬಾಗಿಲು ತೋರಿಸಿ, ಒಳಗಿರುವ ಹೆಂಗಸರು ಊಟದ ಸಾಲಿಗೂ ಬರುತ್ತಿಲ್ಲ, ಮಕ್ಕಳ ಕೈಯಲ್ಲಿ ತಟ್ಟೆ ಕಳಿಸುತ್ತಾರೆ ಎಂದರು. ಒಳಗೆ ಹೋದೆ. ನಮ್ಮತ್ತೆಯ ವಯಸ್ಸಿನ ಒಬ್ಬರು ಯಾರದೋ ಗಂಡಸಿನ ಶರ್ಟು ತೊಟ್ಟು, ಮೇಲೆ ಹೊಚ್ಚಹೊಸ ಸೀರೆಯೊಂದನ್ನು ಶಾಲಿನಂತೆ ಹೊದ್ದು ಗೋಡೆಯ ಕಡೆ ಮುಖ ಮಾಡಿದ್ದರು. ಯಾರೋ ನಮಗಿಂತ ಮೊದಲು ಬಂದು ಕೊಟ್ಟುಹೋದ ಸೀರೆ. ಅತ್ತೆ ಹೇಳಿದ್ದೆಲ್ಲ ನಿಜವಾಗಿತ್ತು. ಎರಡೂ ಕೈಯಲ್ಲಿ ಬಟ್ಟೆ ಕೊಟ್ಟು, ಬಾಗಿಲು ಎಳೆದುಕೊಂಡು ಹೊರಗೆ ನಿಂತೆ.

ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯಿತು. ಆಕೆ ಸೀರೆ ಉಟ್ಟು, ಹಸಿರು ಖಣದ ಬ್ಲೌಸು ತೊಟ್ಟು, ತಲೆ ಬಾಚಿಕೊಂಡು ಬಂದರು. ನನ್ನನ್ನು ದಾಟಿ ನೇರವಾಗಿ ಊಟದ ಸಾಲಿಗೆ ಹೋಗಿ ನಿಂತರು. ಅವರ ಹಿಂದೆ ಉಳಿದವರೂ ಬಂದರು. ಆಕೆ ತಿರುಗಿ ಬಂದಾಗ ಕೈಯಲ್ಲಿ ಎರಡು ತಟ್ಟೆ ಇದ್ದವು. ಒಂದನ್ನು ನನ್ನ ಮುಂದೆ ಹಿಡಿದು, "ಸಾಪಿಟ್ಟು ಪೋಮ್ಮಾ" ಎಂದರು. ಊಟ ಮಾಡಿಕೊಂಡು ಹೋಗಮ್ಮ ಎಂದು. ಅವರ ಪಾಲಿನ ಅನ್ನ ನಾನು ಹೇಗೆ ತಿನ್ನಲಿ ಎಂದು ಹಿಂಜರಿದೆ. ಆಕೆ ನನ್ನ ಮಣಿಕಟ್ಟು ಹಿಡಿದು ಜಗಲಿಯ ಮೇಲೆ ಕೂರಿಸಿಯೇ ಬಿಟ್ಟರು. ಅನ್ನ, ಸಾಂಬಾರು. ಉಪ್ಪು ಸ್ವಲ್ಪ ಕಮ್ಮಿ. ನಿಮ್ಮೂರಲ್ಲಿ ಮಳೆ ಹೇಗಿದೆ, ಮನೆಯಲ್ಲಿ ಎಲ್ಲರೂ ಕ್ಷೇಮವಾ ಎಂದು ಆಕೆ ಕೇಳಿದರು. ನನಗೆ ಬರುವ ಅರೆಬರೆ ತಮಿಳಿನಲ್ಲಿ ಉತ್ತರ ಹೇಳಿದೆ.

ವಾಪಸ್ಸು ಬಂದಾಗ ಅತ್ತೆ ಬಾಗಿಲಲ್ಲೇ ಕಾಯುತ್ತಿದ್ದರು. ಬ್ಲೌಸು ಸರಿ ಹೋದವಾ, ಸಾಕಾದವಾ ಎಂದು ಕೇಳುತ್ತಾರೆಂದುಕೊಂಡಿದ್ದೆ. ನಾನು ಆ ಹೆಂಗಸಿನ ವಿಷಯ ಹೇಳತೊಡಗಿದೆ. ತಟ್ಟೆ ತಂದುಕೊಟ್ಟರು ಎನ್ನುವಷ್ಟರಲ್ಲಿ ನನ್ನ ಮಾತು ತಡೆದು ಕೇಳಿದರು.

"ಉಂಡ್ಯಾ?"

"ಉಂಡೆ ಅತ್ತೆ. ಮೊದಲು ಬೇಡ ಅನ್ನೋಣ ಅಂದ್ಕೊಂಡೆ..."

"ಅಂದಿಲ್ವಲ್ಲ?"

"ಇಲ್ಲ."

"ಒಳ್ಳೇದು ಮಾಡ್ದೆ. ಬೇಡ ಅಂದಿದ್ರೆ ನಾವು ಕೊಟ್ಟಿದ್ದೆಲ್ಲಾ ಭಿಕ್ಷೆ ಆಗೋಗ್ತಿತ್ತು" ಎಂದು ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಮದುವೆಯಾಗಿ ಅಷ್ಟು ವರ್ಷದಲ್ಲಿ ಅವರು ನನ್ನನ್ನು ಬಾಯಿಬಿಟ್ಟು ಹೊಗಳಿದ್ದು ಅದೊಂದೇ ಸಲ.

ಎರಡು ಮಳೆಗಾಲ ಕಳೆದ ಮೇಲೆ ಒಂದು ಬೆಳಗ್ಗೆ, ಪೂಜೆ ಮುಗಿಸಿ ಎದ್ದವರು ಕುಸಿದರು. ಆಸ್ಪತ್ರೆ ತಲುಪುವ ಮೊದಲೇ ಹೋಗಿಬಿಟ್ಟರು. ಆ ದಿನ ನಮ್ಮ ಬೀದಿಯಲ್ಲಿ ಯಾರ ಮನೆಯಲ್ಲೂ ಒಲೆ ಹಚ್ಚಲಿಲ್ಲ. ಮುಖಂಡರು ಮಕ್ಕಳ ಹಾಗೆ ಅತ್ತರು. ಅವರ ಬೈಗುಳ ಕೇಳದೆ ಈ ಬೀದಿ ಹೇಗೆ ನಡೆಯುತ್ತದೆ ಎಂದು ನನ್ನ ಗಂಡನನ್ನು ಕೇಳಿದರು.

ಹಂಚುವುದು ಎಲ್ಲರಿಗೂ ಬರುತ್ತದೆ. ಎದುರಿಗಿರುವವರು ನಮಗೆ ಸಮಾನರು ಎಂದು ಒಂದು ಕ್ಷಣವೂ ಮರೆಯದೆ ಕೊಡುವುದನ್ನು ನಾನು ಕಲಿತಿದ್ದು ಅತ್ತೆಯಿಂದ, ಆ ಸಾಲ ತೀರುವಂಥದ್ದಲ್ಲ. ಅವರ ಸೊಸೆ ಎನ್ನಲು ನನಗೆ ಬಹಳ ಹೆಮ್ಮೆ. ಪೇಟೆಯಲ್ಲಿ ಯಾರಾದರೂ ನೀವು ಯಾರ ಮನೆಯವರು ಎಂದು ಕೇಳಿದರೆ, ಗಂಡನ ಹೆಸರಿಗಿಂತ ಮೊದಲು ಅವರ ಹೆಸರು ಹೇಳುತ್ತೇನೆ. ನನ್ನ ಗಂಡನಿಗೆ ಇದರಿಂದ ಮೊದಮೊದಲು ಸ್ವಲ್ಪ ಬೇಜಾರಿತ್ತು. ಈಗ ಅವನೂ ಹಾಗೇ ಹೇಳುತ್ತಾನೆ.