ಬೆರಳು ಮುಟ್ಟದ ಕೀ

ಇಂಥದ್ದನ್ನು ಯಾರಾದರೂ ಹೇಳಿದರೆ ನಾನು ನಕ್ಕು ಸುಮ್ಮನಾಗುತ್ತಿದ್ದೆ. ನೀವೂ ನಗಬಹುದು, ಬೇಸರವಿಲ್ಲ.

ಮಣಿಪಾಲದಲ್ಲಿ ಮಕ್ಕಳಿಗೆ ಪಿಯಾನೊ ಕಲಿಸುವುದು ನನ್ನ ಹೊಟ್ಟೆಪಾಡು. ಹುಚ್ಚು ಮಾತ್ರ ಜಾಝ್‌ನದ್ದು. ಒಬ್ಬನೇ ಕುಳಿತು, ಬರೆದದ್ದೇನೂ ಎದುರಿಗಿಲ್ಲದೆ, ಆ ಕ್ಷಣಕ್ಕೆ ಹೊಳೆದದ್ದನ್ನು ನುಡಿಸುವುದು. ನಮ್ಮ ಹಾಡುಗಾರರು ಮನೋಧರ್ಮ ಎನ್ನುತ್ತಾರಲ್ಲ, ಹೆಚ್ಚುಕಡಿಮೆ ಅದೇ. ಆದರೆ ಕೇಳಿದವರೆಲ್ಲ “ರೆಕಾರ್ಡ್ ಹಾಕಿದ ಹಾಗೆಯೇ ಉಂಟು ಮಾರಾಯ” ಎಂದು ಹೊಗಳುತ್ತಿದ್ದರು. ಆ ಹೊಗಳಿಕೆ ನನ್ನನ್ನು ಒಳಗೊಳಗೇ ತಿನ್ನುತ್ತಿತ್ತು. ಇದು ನೀನೇ ನುಡಿಸಿದ್ದು ಎಂದು ಒಬ್ಬರಾದರೂ ಹೇಳಲಿ ಎಂದು ಕಾಯುತ್ತಿದ್ದೆ.

ಕೆಲವು ವರ್ಷಗಳ ಹಿಂದೆ ಕಾಪುವಿನ ಕಡಲ ಬದಿಯ ರೆಸಾರ್ಟೊಂದರಿಂದ ಕರೆ ಬಂತು. ಅಲ್ಲಿ ನುಡಿಸುತ್ತಿದ್ದ ವಸಂತಣ್ಣ ತೀರಿಕೊಂಡು ತಿಂಗಳಾಗಿತ್ತು. ಗಲ್ಫ್‌ನ ಹೋಟೆಲಿನಲ್ಲಿ ಸಪ್ಲೈಯರ್ ಆಗಿದ್ದಾಗ ಪಿಯಾನೊ ಕಲಿತವರಂತೆ. ನಾನು ಅವರನ್ನು ನೋಡಿದವನೂ ಅಲ್ಲ, ಅವರು ನುಡಿಸಿದ್ದನ್ನು ಕೇಳಿದವನೂ ಅಲ್ಲ.

ಸಂಜೆ ಚಹಾದ ಹೊತ್ತಿಗೆ ಅವರು ನುಡಿಸುತ್ತಿದ್ದ ಪಿಯಾನೊ ಎದುರು ಕುಳಿತೆ. ಸ್ವಲ್ಪ ಹೊತ್ತಿನಲ್ಲೇ ಬಲಗೈ ನನ್ನ ಮಾತು ಕೇಳುವುದನ್ನು ಬಿಟ್ಟಿತು. ನಡುವಿನ ಒಂದು ಕಪ್ಪು ಕೀ ಹತ್ತಿರ ಬಂದಾಗಲೆಲ್ಲ ಬೆರಳು ತಾನಾಗಿ ಎದ್ದು ಆಚೆ ಇಳಿಯುತ್ತಿತ್ತು, ಮುರಿದ ಮೆಟ್ಟಿಲು ಗೊತ್ತಿದ್ದವರು ಅದನ್ನು ದಾಟಿ ಇಳಿಯುವ ಹಾಗೆ. ಬಿಟ್ಟುಹೋದ ಆ ಸ್ವರದ ಸುತ್ತ ನಾನೆಂದೂ ಯೋಚಿಸದ ಧಾಟಿಯೊಂದು ಬೆಳೆಯಿತು. ಎಷ್ಟು ಚೆನ್ನಾಗಿತ್ತೆಂದರೆ ನನಗೆ ಹೆದರಿಕೆಯಾಯಿತು.

ಮುಗಿಸಿ ತಲೆ ಎತ್ತಿದರೆ ಅಡುಗೆಮನೆಯ ಬಾಗಿಲಲ್ಲಿ ಹೆಂಗಸೊಬ್ಬರು ನಿಂತಿದ್ದರು. ಅಲ್ಲೇ ಕೆಲಸಕ್ಕಿದ್ದ ಸುಮತಿಯಕ್ಕ, ವಸಂತಣ್ಣನ ಹೆಂಡತಿ.

“ಆ ಕಪ್ಪು ಕೀ ಹಾಳಾಗಿದ್ದದ್ದು ನಿಮಗೆ ಯಾರು ಹೇಳಿದ್ದು?” ಎಂದು ಕೇಳಿದರು.

“ಹಾಳೆಂತ ಅಕ್ಕ? ಎಲ್ಲ ಸರಿ ಉಂಟಲ್ಲ.”

“ಈಗ ಸರಿ ಉಂಟು. ಮೊನ್ನೆ ರಿಪೇರಿ ಮಾಡಿಸಿದ್ದು. ಉಪ್ಪು ಗಾಳಿಗೆ ಕೆಟ್ಟು, ಒತ್ತಿದರೆ ಶಬ್ದವೇ ಬರುತ್ತಿರಲಿಲ್ಲ. ಇವರು ಎಷ್ಟೋ ವರ್ಷ ಅದನ್ನು ಬಿಟ್ಟೇ ನುಡಿಸುತ್ತಿದ್ದದ್ದು. ಹೀಗೇ.” ಬಾಗಿಲು ಬಿಟ್ಟು ಪಿಯಾನೊ ಹತ್ತಿರ ಬಂದು, “ಇನ್ನೊಮ್ಮೆ ನುಡಿಸ್ತೀರಾ?” ಎಂದರು.

ಬೇಕೆಂದೇ ಆ ಕೀ ಬಿಟ್ಟು ನುಡಿಸಿದೆ. ಕೈ ಈಗ ಪೂರ್ತಿ ನನ್ನ ಹಿಡಿತದಲ್ಲಿತ್ತು. ಅವರು ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು, “ಇಲ್ಲ, ಇದು ನೀವೇ ನುಡಿಸಿದ್ದು” ಎಂದು ಒಳಗೆ ಹೋದರು.

ಅಷ್ಟು ವರ್ಷ ಕಾದಿದ್ದ ಮಾತು. ಕೇಳಿದಾಗ ಅಳು ಬಂತು.

ಮೊದಲ ಸಲ ನುಡಿಸಿದ್ದು ಯಾರೆಂದು ನನಗೆ ಇಂದಿಗೂ ಗೊತ್ತಿಲ್ಲ. ಅಲೆವೂರಿನ ನನ್ನ ಮನೆಯ ಪಿಯಾನೊದಲ್ಲಿ ಈಗಲೂ ಒಮ್ಮೊಮ್ಮೆ ಅದೇ ಕಪ್ಪು ಕೀ ಹತ್ತಿರ ಬಂದು ಕಾಯುತ್ತೇನೆ. ಬೆರಳು ತಾನಾಗಿ ಏಳುವುದಿಲ್ಲ, ನಾನೇ ಎತ್ತಬೇಕು.