ಕೆಂಪು ಗೀಟಿನ ಮೇಲಿನ ಹೆಸರು

ನನ್ನ ಅಕ್ಕ ಡೀಲಿಯಾ ಹೆನಿಗನ್ ಮೂವತ್ತೊಂದು ವರ್ಷ ಸೈಕಲ್ ತುಳಿದು ಕ್ಲೂನ್‌ಬಾರ ಹಳ್ಳಿಗೆ ಅಂಚೆ ಹಂಚಿದವಳು. ಇರುವ ಹನ್ನೊಂದು ಮನೆಗಳಲ್ಲಿ ಆರು ಹೆನಿಗನ್‌ಗಳವೇ. ಕೆಂಪು ಹೆನಿಗನ್, ಕಮ್ಮಾರ ಹೆನಿಗನ್ ಎಂದು ಅಡ್ಡಹೆಸರು ಇಲ್ಲದಿದ್ದರೆ ಒಬ್ಬರ ಕಾಗದ ಇನ್ನೊಬ್ಬರ ಮನೆ ಸೇರುತ್ತಿತ್ತು. ನಮ್ಮದು ನೇಕಾರ ಹೆನಿಗನ್ ಮನೆ. ನಿವೃತ್ತಿಯಾದ ಮೇಲೆ ತೆಪ್ಪಗೆ ಕೂರಬಹುದಿತ್ತು. ಅವಳು ಹಳ್ಳಿಯ ಮನೆತನಗಳ ಹೆಸರು ಹುಡುಕುವ ಹುಚ್ಚು ಹತ್ತಿಸಿಕೊಂಡಳು. ಚರ್ಚಿನ ಜ್ಞಾನಸ್ನಾನದ ಪುಸ್ತಕ, ಜನಗಣತಿ, ಗೋರಿಕಲ್ಲು, ಯಾವುದನ್ನೂ ಬಿಡಲಿಲ್ಲ. ಅವಳನ್ನು ಕಂಡರೆ ಪಾದ್ರಿಗಳು ಬೀರುವಿನ ಕೀಲಿ ಬಚ್ಚಿಡುತ್ತಿದ್ದರು.

ಗ್ಯಾವಗನ್ ಎಂಬ ಹೆಸರಿನದು ಊರಿನಲ್ಲಿ ಒಂದೇ ಮನೆ. ನಮ್ಮ ತಾತನ ಕಾಲದಲ್ಲಿ ಜಮೀನ್ದಾರ ಬ್ರಿಜೆಟ್ ಟಾರ್ಪಿ ಎಂಬ ವಿಧವೆಯನ್ನು ಮಕ್ಕಳ ಸಮೇತ ಬೀದಿಗೆ ತಳ್ಳಿದ್ದ. ಅವಳ ಹೊಲವನ್ನು ಅವನಿಂದ ಗೇಣಿಗೆ ಹಿಡಿದವರು ಗ್ಯಾವಗನ್‌ಗಳು ಎಂದು ಕೇಳುತ್ತಲೇ ನಾವು ಬೆಳೆದೆವು. ಹಾಗೆ ಹೊಲ ಹಿಡಿದವರಿಗೆ ನಮ್ಮಲ್ಲಿ ಕ್ಷಮೆಯಿಲ್ಲ. ಸಾವಾದರೆ ಗುಂಡಿ ತೋಡುವುದು ನೆರೆಯವರ ಕೆಲಸ, ಸತ್ತವರ ಮನೆಯವರು ಸಲಿಕೆ ಮುಟ್ಟಬಾರದು. ಗ್ಯಾವಗನ್‌ಗಳಿಗೆ ಮಾತ್ರ ನಾವು ಯಾರೂ ಒಂದು ಹಿಡಿ ಮಣ್ಣು ತೆಗೆದವರಲ್ಲ.

ಆ ಶನಿವಾರ ಮಾರ್ಟಿ ಗ್ಯಾವಗನ್‌ನ ಹೆಂಡತಿ ಸಬೀನಾ ತೀರಿಕೊಂಡಳು. ಮಕ್ಕಳಿಲ್ಲ. ಮಾರ್ಟಿಗೆ ಎಪ್ಪತ್ತಾರು, ಸೊಂಟ ಬೇರೆ ಕೆಟ್ಟಿತ್ತು. ಮಣ್ಣು ಮಾಡುವುದು ಸೋಮವಾರ. ಸೋಮವಾರ ಗೋರಿಗೆ ನೆಲ ಅಗೆಯುವ ಪದ್ಧತಿ ನಮ್ಮಲ್ಲಿ ಇಲ್ಲ, ಭಾನುವಾರ ಕತ್ತಲಾಗುವುದರೊಳಗೆ ಗುಂಡಿ ಮುಗಿಯಬೇಕು. ಊರಲ್ಲಿ ಗುಂಡಿ ತೋಡುವವರ ಹಿರಿಯ ನಾನು. ಆ ಭಾನುವಾರ ಮಧ್ಯಾಹ್ನ ಒಲೆ ಮುಂದೆ ಕಾಲು ಚಾಚಿ ಚಹಾ ಕುಡಿಯುತ್ತಿದ್ದೆ.

ಡೀಲಿಯಾ ಶುಕ್ರವಾರವಷ್ಟೇ ಡಬ್ಲಿನ್‌ನಿಂದ ಬಂದಿದ್ದಳು. ಅಲ್ಲಿಯ ಕಚೇರಿಯಲ್ಲಿ ಹಳೆಯ ಕಂದಾಯದ ಪುಸ್ತಕಗಳಿವೆ, ಹೊಲ ಕೈ ಬದಲಾದಾಗಲೆಲ್ಲ ಹಳೆಯ ಹೆಸರು ಹೊಡೆದು ಹೊಸದನ್ನು ಬೇರೆ ಬಣ್ಣದ ಶಾಯಿಯಲ್ಲಿ ಬರೆದಿರುತ್ತಾರೆ. ಎರಡು ದಿನ ಬಾಯಿ ಬಿಡದವಳು ಈಗ ನೋಟ್‌ಬುಕ್ಕನ್ನು ನನ್ನ ತೊಡೆಯ ಮೇಲೇ ಇಟ್ಟಳು.

"ಓದು."

"ಕನ್ನಡಕ ಇಲ್ಲ."

"ಹಂಗಾದ್ರೆ ಕೇಳು. ಬ್ರಿಜೆಟ್ ಟಾರ್ಪಿ, ಕೆಂಪು ಗೀಟು. ಅದರ ಮೇಲೆ ನೀಲಿ ಶಾಯೀಲಿ ಪ್ಯಾಟ್ರಿಕ್ ಹೆನಿಗನ್, ನೇಕಾರ. ನಾಲ್ಕು ವರ್ಷ ಆದ್ಮೇಲೇ ಗ್ಯಾವಗನ್."

ಪ್ಯಾಟ್ರಿಕ್ ನಮ್ಮ ತಾತ. ಗ್ಯಾವಗನ್‌ಗಳ ನೆರಳೂ ಸೋಕಬಾರದು ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದ ಮಹಾನುಭಾವನೂ ಅವನೇ. ಲೋಟ ಕೆಳಗಿಟ್ಟೆ.

"ಯಾವನೋ ಗುಮಾಸ್ತ ತಪ್ಪು ಬರೆದಿರ್ತಾನೆ ಕಣೇ."

"ನಾಲ್ಕು ವರ್ಷಾನೂ ತಪ್ಪು ಬರೆದ್ನಾ? ಊರಲ್ಲಿ ನೇಕಾರರ ಮನೆ ಎಷ್ಟಿದೆಯೋ?"

"ಇದನ್ನ ಹೊರಗೆ ಆಡಿದ್ರೆ ನಾಳೆಯಿಂದ ನಾವು ಗ್ಯಾವಗನ್ ಆಗ್ತೀವಿ. ಗೊತ್ತಾ ನಿಂಗೆ?"

"ಗೊತ್ತಿದ್ದೇ ಎರಡು ದಿನ ನಿದ್ದೆ ಮಾಡಿಲ್ಲ. ಮಾರ್ಟಿ ಒಬ್ನೇ ಅಗೀತಿದಾನೆ. ನೀನು ಬರ್ತೀಯೋ, ಇಲ್ಲ ನಿನ್ನ ಸಲಿಕೆ ನಾನು ತಗೊಳ್ಲೋ?"

ನಾನು ಅಲ್ಲಾಡಲಿಲ್ಲ. ಅವಳು ಕೊಟ್ಟಿಗೆಯಿಂದ ನನ್ನ ಸಲಿಕೆಯನ್ನು ಹೊತ್ತು ನಡೆದೇಬಿಟ್ಟಳು. ನಮ್ಮೂರಲ್ಲಿ ಹೆಂಗಸು ಗುಂಡಿಗೆ ಇಳಿದದ್ದೇ ಇಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವಳ ಬಾಯಿ ಮುಚ್ಚಿಸಲೆಂದೇ ನಾನು ಹಿಂದೆ ಓಡಿದೆ, ಸಹಾಯ ಮಾಡಲು ಅಲ್ಲ. ಈಗ ಸುಳ್ಳು ಹೇಳಿ ಏನು ಪ್ರಯೋಜನ?

ಸ್ಮಶಾನ ಮುಟ್ಟುವಾಗ ಬಿಸಿಲು ವಾಲತೊಡಗಿತ್ತು. ಮಾರ್ಟಿ ಮೊಣಕಾಲುದ್ದದ ಗುಂಡಿಯೊಳಗೆ ಸಲಿಕೆಗೆ ಒರಗಿ ಏದುಸಿರು ಬಿಡುತ್ತಿದ್ದ. ಡೀಲಿಯಾ ಆಗಲೇ ಎಲ್ಲ ಹೇಳಿ ಮುಗಿಸಿದ್ದಳು. ನಾನು ತಡವಾಗಿ ಬಂದಿದ್ದೆ.

ಮಾರ್ಟಿ ಅಂಗಿಯ ತೋಳಿಗೆ ಮುಖ ಒರೆಸಿಕೊಂಡ. "ಗೊತ್ತು ಡೀಲಿಯಾ. ನಮ್ಮಪ್ಪ ಸಾಯೋವಾಗ ಹೇಳಿದ್ರು."

"ಗೊತ್ತಿದ್ದೂ ಯಾಕೆ ಸುಮ್ನಿದ್ದೆ?"

"ನೀವು ಆರು ಮನೆ. ನಾವು ಒಂದೇ. ಹೇಳಿದ್ರೆ ಯಾರು ನಂಬೋರು?" ಅವನು ನನ್ನ ಕಡೆ ನೋಡಿದ. "ಸಬೀನಾಗೆ ಮಾತ್ರ ಒಂದಾಸೆ ಇತ್ತು ಆಸ್ಟಿನ್. ತನ್ನ ಗುಂಡಿ ನನ್ನ ಕೈಯಲ್ಲಿ ತೋಡಿಸ್ಬಾರ್ದು ಅಂತಿದ್ಲು."

ನನಗೆ ನಾಚಿಕೆಯಾಯಿತು. ಜೀವಮಾನದಲ್ಲಿ ಅಷ್ಟು ನಾಚಿಕೆ ಎಂದೂ ಆಗಿರಲಿಲ್ಲ. ಅಕ್ಕನ ಕೈಯಿಂದ ಸಲಿಕೆ ಇಸಿದುಕೊಂಡು ಗುಂಡಿಗೆ ಇಳಿದೆ.

"ಮೇಲೆ ಹತ್ತು ಮಾರ್ಟಿ," ಎಂದೆ. "ಇದು ನೆರೆಯವರ ಕೆಲಸ."

ಅವನು ತನ್ನ ಸಲಿಕೆಯನ್ನು ಗುಂಡಿಯ ಅಂಚಿಗಿಟ್ಟ. ಆಮೇಲೆ ಮೇಲೆ ಹತ್ತಲು ಡೀಲಿಯಾಳತ್ತ ಕೈ ಚಾಚಿದ.